ಕವರ್ ಹಾಕಿದರೆ ಮೆಟಲ್ ಡಿಟೆಕ್ಟರ್‌ನ ಶಕ್ತಿ ಕುಗ್ಗುತ್ತದೆಯೇ? ಸತ್ಯಾಂಶ ಇಲ್ಲಿದೆ

ಕಡಲತೀರದಲ್ಲಿ ಕಳೆದುಹೋದ ಉಂಗುರ, ನಾಣ್ಯ ಹುಡುಕಲು ಮೆಟಲ್ ಡಿಟೆಕ್ಟರ್ ಬಳಸುತ್ತಾರೆ. ಅದರ ತುದಿಯಲ್ಲಿರುವ ತಟ್ಟೆಯಂಥ ಭಾಗವೇ ಕಾಯಿಲ್.

ನಂಬಿಕೆ: ಕಾಯಿಲ್‌ಗೆ ಪ್ಲಾಸ್ಟಿಕ್ ಕವರ್ ಹಾಕಿದರೆ ಡಿಟೆಕ್ಟರ್‌ನ ಶಕ್ತಿ ಕುಗ್ಗುತ್ತದೆ.

ಸತ್ಯ: ಇಲ್ಲ. ಕಾಂತಕ್ಷೇತ್ರಕ್ಕೆ ಪ್ಲಾಸ್ಟಿಕ್ ಅಡ್ಡಿಯಲ್ಲ. ಕವರ್‌ನ ದಪ್ಪದಷ್ಟು, ಅಂದರೆ ಕೆಲವೇ ಮಿಲಿಮೀಟರ್ ಆಳ ಕಡಿಮೆಯಾಗಬಹುದು, ಅಷ್ಟೇ.

ಕವರ್ ಏಕೆ ಬೇಕು? ಮರಳಿನಲ್ಲಿರುವ ಕ್ವಾರ್ಟ್ಜ್‌ನ ಗಡಸುತನ ಮೋಸ್ ಮಾಪಕದಲ್ಲಿ 7. ಪ್ಲಾಸ್ಟಿಕ್ ಅದಕ್ಕಿಂತ ಬಹಳ ಮೆದು. ದಿನವೂ ಉಜ್ಜಿದರೆ ಕಾಯಿಲ್‌ನ ಹೊರಕವಚ ಸವೆದು, ಕೊನೆಗೆ ಉಪ್ಪುನೀರು ಒಳಗೆ ಇಳಿಯಬಹುದು. ಕವರ್ ಸವೆದರೆ ಬೇರೆಯದು ಹಾಕಬಹುದು; ಕಾಯಿಲ್ ಕೆಟ್ಟರೆ ಖರ್ಚು ದೊಡ್ಡದು.

ನೆನಪಿಡಿ: ಕವರ್ ಹಾಕಿ ಮರೆತರೂ ತೊಂದರೆ. ಒಳಗೆ ಸಿಕ್ಕಿಕೊಂಡ ಒದ್ದೆ ಮರಳು, ಮ್ಯಾಗ್ನೆಟೈಟ್ ಇರುವ ಕಪ್ಪು ಮರಳಿನಿಂದ ಲೋಹವಿಲ್ಲದಿದ್ದರೂ ಬೀಪ್ ಬರಬಹುದು. ಪ್ರತಿ ಬಾರಿ ಕವರ್ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ ಹಾಕಿ.