ಜಾಲಪುಟದಲ್ಲಿ ಕನ್ನಡಾಕ್ಷರದ ಪಾಡು

ಅಂಬಲಪಾಡಿಯ ಜನಾರ್ದನ-ಮಹಾಕಾಳಿ ದೇವಸ್ಥಾನವನ್ನು ಅರಿಯದ ಉಡುಪಿಯವರಿಲ್ಲ. ಆದರೆ ಆ ಊರಿನ ಹೆಸರನ್ನು ಜಾಲಪುಟವೊಂದರಲ್ಲಿ ಕನ್ನಡದಲ್ಲಿಯೇ ಮೂಡಿಸುವುದು ಒಂದಾನೊಂದು ಕಾಲದಲ್ಲಿ ಎಷ್ಟು ಪ್ರಯಾಸದ ಕಾರ್ಯವಾಗಿತ್ತೆಂಬುದನ್ನು ಇಂದಿನ ತರುಣರು ಊಹಿಸಲಾರರು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರಜಾಲವನ್ನು ಭಾರತದ ಸಾರ್ವಜನಿಕರಿಗೆ ತೆರೆದಿತ್ತಷ್ಟೆ. ಪುಟವನ್ನು ಕೈಯಾರೆ ಬರೆಯುವ ವಿದ್ಯೆಯು ದುಸ್ಸಾಧ್ಯವಾದುದೇನೂ ಆಗಿರಲಿಲ್ಲ. ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಎಚ್‌ಟಿಎಂಎಲ್ ಎಂಬುದು ಬರಿಯ ಪಠ್ಯವಾದ ಕಾರಣ, ನೋಟ್‌ಪ್ಯಾಡಿನಂತಹ ಅತಿಸರಳ ಸಾಧನದಲ್ಲಿ ಇದು ಶೀರ್ಷಿಕೆ, ಇದು ಕಂಡಿಕೆ, ಇದು ಕೊಂಡಿ ಎಂದು ಟ್ಯಾಗುಗಳಿಂದ ಗುರುತಿಟ್ಟು ಕಡತವನ್ನು ಉಳಿಸಿದರೆ ಸಾಕು, ಬ್ರೌಸರು ಅದನ್ನು ಪುಟವಾಗಿ ತೋರುತ್ತಿತ್ತು.

ಕಷ್ಟವೆಲ್ಲ ಇದ್ದುದು ಅಕ್ಷರದಲ್ಲಿ. ರೋಮನ್ ಲಿಪಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಕೂರಿಸಿದ ಫಾಂಟುಗಳೇ ಅಂದಿನ ಗತಿ. ಆದುದರಿಂದ ಕಡತದೊಳಗೆ ನಿಜವಾಗಿ ಇರುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಓದುಗನು ಅದೇ ಫಾಂಟನ್ನು ತನ್ನ ಗಣಕದಲ್ಲಿ ಸ್ಥಾಪಿಸಿಕೊಳ್ಳದಿದ್ದರೆ ಅಂಬಲಪಾಡಿಯೂ ಕಾಪುವೂ ಕಾರ್ಕಳವೂ ಸಮಾನವಾಗಿ ಅಪಭ್ರಷ್ಟವಾಗುತ್ತಿದ್ದವು. ಇಂತಹ ದಿನಗಳಲ್ಲಿ, 1996ರಲ್ಲಿ, ಯು. ಬಿ. ಪವನಜರು ‘ವಿಶ್ವಕನ್ನಡ’ವೆಂಬ ಮೊದಲ ಕನ್ನಡ ಅಂತರಜಾಲ ಪತ್ರಿಕೆಯನ್ನು ಹೊರತಂದರೆಂಬುದು ಸಾಹಸವೇ ಸರಿ.

ಈ ತೊಡಕಿನ ಪರಿಹಾರಕ್ಕೆ ನೆರವಾದ ಆಲೋಚನೆಯೊಂದು ನಮ್ಮ ಕರಾವಳಿಯದೇ. ಮುದ್ರಣಾಕ್ಷರಗಳ ವ್ಯವಹಾರದಲ್ಲಿ ಪಳಗಿ, ಮೋನೋಟೈಪ್ ಸಂಸ್ಥೆಯಲ್ಲಿ ದುಡಿದು, ಮುಂದೆ ಮಣಿಪಾಲದಲ್ಲಿ ನೆಲೆಸಿದ ಕಿನ್ನಿಕಂಬಳ ಪದ್ಮನಾಭ ರಾಯರು—ಲೋಕಕ್ಕೆ ಕೆ. ಪಿ. ರಾವ್—ಅಕ್ಷರದ ಆಕಾರವನ್ನು ಬದಿಗಿಟ್ಟು ಉಚ್ಚಾರಣೆಯ ಕ್ರಮವನ್ನು ಹಿಡಿದರು. ವ್ಯಂಜನವನ್ನು ಒತ್ತಿ, ಬಳಿಕ ಸ್ವರವನ್ನು ಒತ್ತಿದರೆ ಕಾಗುಣಿತವನ್ನು ಯಂತ್ರವೇ ಕೂಡಿಸಲಿ ಎಂಬುದು ಅವರ ಕೀಲಿಮಣೆಯ ತತ್ತ್ವ. ತಮ್ಮ ತಂತ್ರಾಂಶಕ್ಕೆ ಅವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟುದು ಉಚಿತವಾಗಿಯೇ ಇದೆ. ಕೀಲಿಮಣೆಯನ್ನು ಯಾರ ಸ್ವತ್ತೂ ಆಗಗೊಡದೆ ಎಲ್ಲರಿಗೂ ಬಿಟ್ಟುಕೊಟ್ಟುದು ಅದಕ್ಕಿಂತಲೂ ದೊಡ್ಡದು. ಕರ್ನಾಟಕ ಸರ್ಕಾರವು ಅಂಗೀಕರಿಸಿದ ವಿನ್ಯಾಸಕ್ಕೂ ‘ನುಡಿ’ ತಂತ್ರಾಂಶಕ್ಕೂ ಅದೇ ತಳಹದಿ.

ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ಕೊಡುವ ಯೂನಿಕೋಡಿನ ಸಂಗ್ರಹಕ್ರಮವೂ ಈ ಉಚ್ಚಾರಣಾಕ್ರಮವನ್ನೇ ಹೋಲುತ್ತದೆ. ‘ಅಂಬಲಪಾಡಿ’ಗೆ ಅಲ್ಲಿ ಎಂಟು ಸಂಕೇತಗಳು: 3205, 3202, 3244, 3250, 3242, 3262, 3233, 3263. ರಾಯರ ಕೀಲಿಮಣೆಯಲ್ಲಿಯೂ ಎಂಟೇ ಬಾರಿ ಕೀಲಿ ಒತ್ತಬೇಕು. ಹಟವುಳ್ಳವನು ಈ ಅಂಕಿಗಳನ್ನೇ ‘ಅ’ ಎಂಬಂತೆ ಬರಿಗೈಯಿಂದ ಪುಟದಲ್ಲಿ ಬರೆದು ಊರಿನ ಹೆಸರನ್ನು ಮೂಡಿಸಬಹುದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟು ಬಂದ ಮೇಲೆ ನೋಟ್‌ಪ್ಯಾಡಿನಲ್ಲಿಯೇ ಕನ್ನಡವು ನೇರವಾಗಿ ನಿಂತಿತು.

ಹಳೆಯ ಫಾಂಟುಗಳಲ್ಲಿ ಬರೆದ ದೇವಸ್ಥಾನ, ಯಕ್ಷಗಾನ, ಮನೆತನಗಳ ಪುಟಗಳು ಯಾರ ಫ್ಲಾಪಿಗಳಲ್ಲಾದರೂ ಉಳಿದಿದ್ದರೆ, ಅವರು ಫಾಂಟಿನ ಹೆಸರನ್ನೂ ಕಾಣಿಸಿ, ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲದ ಪ್ರತಿಯೊಡನೆ ಗ್ರಂಥಾಲಯವೊಂದಕ್ಕೆ ಒಪ್ಪಿಸಬೇಕೆಂದು ಪ್ರಾರ್ಥನೆ.