ನಂದಿಸೀಮೆಯ ವೈದ್ಯಚರಿತ್ರೆಯ ಶೋಧನೆ

ಕಾಯವನ್ನು ಪ್ರಸಾದಕಾಯವೆಂದು ಭಾವಿಸುವ ಶರಣಧರ್ಮದಲ್ಲಿ ವೈದ್ಯವಿದ್ಯೆಗೆ ಗೌರವದ ಸ್ಥಾನವಿರುವುದು ಸಹಜವೇ ಸರಿ. ಹನ್ನೆರಡನೆಯ ಶತಮಾನದ ವೈದ್ಯ ಸಂಗಣ್ಣನವರು ರೋಗ, ಔಷಧಗಳ ಪರಿಭಾಷೆಯಿಂದಲೇ ಭವರೋಗದ ಚಿಕಿತ್ಸೆಯನ್ನು ವಚನಗಳಲ್ಲಿ ನಿರೂಪಿಸಿರುತ್ತಾರೆ. ಇದರಿಂದ ವೈದ್ಯರ ನುಡಿಯು ತಿಳಿಯುವುದೇ ಹೊರತು ಚಿಕಿತ್ಸಾಸ್ಥಾನಗಳ ಸಂಗತಿಯು ತಿಳಿಯದು. ಅದಕ್ಕೆ ಶಾಸನಗಳೇ ಗತಿ. ಬಳ್ಳಿಗಾವೆಯ ಕೋಡಿಯಮಠವು ಅನಾಥರಾದ ರೋಗಿಗಳಿಗೆ ಔಷಧವನ್ನೀಯುವ ಸ್ಥಾನವಾಗಿದ್ದಿತೆಂದು 1162ರ ಶಾಸನವು ಸಾರುತ್ತದೆ. ಆದರೆ ಅದು ಕಾಳಾಮುಖ ಶೈವರ ಮಠ. ಅಭಿಮಾನದಿಂದ ಅದರ ಕೀರ್ತಿಯನ್ನು ತಮ್ಮದೆಂದು ಬರೆದುಕೊಳ್ಳುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುದರಿಂದ ಹಳೆಯ ಸರ್ಕಾರೀ ಕಾಗದಪತ್ರಗಳನ್ನು ಆ ಹೆಸರಿನಲ್ಲಿಯೇ ಹುಡುಕತಕ್ಕದ್ದು. ಕನ್ನಡ ತೆಲುಗುಗಳೆರಡೂ ಬೆರೆತ ಸೀಮೆಯಾದ ಕಾರಣ ಶೋಧಕನಿಗೆ ಎರಡು ಲಿಪಿಗಳೂ ಬರಬೇಕು. ತೆಲುಗು ನಾಡಿನ ವೈದ್ಯರು ಕೈಪಿಡಿಯಂತೆ ಇಟ್ಟುಕೊಂಡಿದ್ದ ಬಸವರಾಜೀಯವು ಲಿಂಗಭಕ್ತನಾದ ಬಸವರಾಜನ ಕೃತಿ. ಸಂಸ್ಕೃತ ಶ್ಲೋಕಗಳ ನಡುವೆ ತೆಲುಗು ಸೇರಿರುವ ಈ ಗ್ರಂಥವು ಇಪ್ಪತ್ತೈದು ಪ್ರಕರಣಗಳುಳ್ಳದ್ದು. ನಾಡೀಪರೀಕ್ಷೆ ಮೊದಲ್ಗೊಂಡು ಜ್ವರಾದಿಗಳ ಚಿಕಿತ್ಸೆಯನ್ನೂ ಪಾದರಸದ ಯೋಗಗಳನ್ನೂ ವಿಸ್ತಾರವಾಗಿ ಹೇಳುತ್ತದೆ.

ಇಂತಹ ಓಲೆಗಳನ್ನು ಓದುವವನು ಅಕ್ಷರ ಬಲ್ಲನಾದ ಮಾತ್ರಕ್ಕೆ ಸಾಲದು. ಕನ್ನಡದ ಅಮೃತಬಳ್ಳಿಯೇ ತೆಲುಗಿನ ತಿಪ್ಪತೀಗೆ, ಆಡುಸೋಗೆಯೇ ಅಡ್ಡಸರವೆಂಬುದು ತಿಳಿಯದಿದ್ದರೆ ಒಂದೇ ಔಷಧವು ಎರಡಾಗಿ ತೋರುವುದು. ಗುಲಗಂಜಿತೂಕವನ್ನು ಹಣತೂಕವೆಂದು ಓದಿದರೆ ಔಷಧವು ವಿಷವಾದೀತು. ಪಾದರಸದ ವಿಷಯದಲ್ಲಂತೂ ಇದು ವಿನೋದದ ಮಾತಲ್ಲ. ಮನೆತನದ ವೈದ್ಯನು ಬಾಯಿಂದ ಹೇಳಿಕೊಡುತ್ತಿದ್ದ ಅಳತೆಯೂ ಅನುಪಾನವೂ ಅವನೊಡನೆಯೇ ಲಿಂಗೈಕ್ಯವಾದ ಮೇಲೆ ಓಲೆ ಉಳಿದರೂ ವಿದ್ಯೆ ಉಳಿದಂತಾಗದು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿದ ತರುವಾಯ ಸಂಸ್ಥಾನದ ಆರೋಗ್ಯದ ಲೆಕ್ಕಪತ್ರಗಳು ಹೆಚ್ಚಿದವು. ಇಪ್ಪತ್ತನೆಯ ಶತಮಾನದ ಆರಂಭಕಾಲದಲ್ಲಿ ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ವಾರ್ಡ್ಲಾ ಥಾಮ್ಸನ್ ಆಸ್ಪತ್ರೆಯನ್ನು ಸ್ಥಾಪಿಸಿದರು; ಅದು ಈಗಿನ ಸಿ.ಎಸ್.ಐ. ಆಸ್ಪತ್ರೆ. ಅನ್ಯಮತದವರದೆಂದು ಅದರ ಸೇವೆಯನ್ನು ಮರೆಯುವುದು ಕೃತಘ್ನತೆ. ಆ ಮಿಷನ್ನಿನವರು ವರ್ಷವರ್ಷವೂ ಲಂಡನ್ನಿಗೆ ಕಳುಹಿಸಿದ ವರದಿಗಳು ಅಲ್ಲಿಯ ಗ್ರಂಥಭಂಡಾರದಲ್ಲಿ ಭದ್ರವಾಗಿವೆ. ಹಳ್ಳಿಯ ವೈದ್ಯನೋ ತಾನು ವಾಸಿಮಾಡಿದವರ ಲೆಕ್ಕವನ್ನೇ ಇಡಲಿಲ್ಲ, ಸತ್ತವರದನ್ನೂ ಇಡಲಿಲ್ಲ. ಆದುದರಿಂದ ಬರೆದಿಟ್ಟವರ ಚರಿತ್ರೆ ದೊಡ್ಡದಾಗಿಯೂ ಬರೆಯದವರದು ಇಲ್ಲವೆಂಬಂತೆಯೂ ಕಾಣುತ್ತದೆ. ಸದ್ಭಕ್ತರ ಅಟ್ಟಗಳಲ್ಲಿ ಗೆದ್ದಲು ಹಿಡಿಯುತ್ತಿರುವ ಕಟ್ಟುಗಳನ್ನು ನೀರಿಗೆ ಬಿಡದೆ ಶ್ರೀಮಠಕ್ಕೆ ತಲಪಿಸಿದರೆ ಈ ಕೊರತೆ ಕೊಂಚವಾದರೂ ನೀಗೀತು.

ಹಾಗೆಂದು ಎಲ್ಲಕ್ಕೂ ಓಲೆಯಲ್ಲಿ ಉತ್ತರವುಂಟೆಂದು ಭ್ರಮಿಸಲಾಗದು. ಜೀವನದಿಯಿಲ್ಲದ ಈ ಸೀಮೆಯಲ್ಲಿ ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗೂ ಇಳಿದು, ಫ್ಲೋರೈಡು ಬೆರೆತ ನೀರು ಮೇಲೆ ಬಂದಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಅಂತಹ ನೀರನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲು ಕಂದುತ್ತದೆ. ಪ್ರಮಾಣವು ಇನ್ನೂ ಹೆಚ್ಚಿದಲ್ಲಿ ಎಲುಬುಗಳೂ ಬಿಗಿಯುತ್ತವೆ. ಕೆರೆಯ ನೀರನ್ನೂ ತೆರೆದ ಬಾವಿಯ ನೀರನ್ನೂ ಕಂಡಿದ್ದ ವೈದ್ಯರು ಇಷ್ಟು ಆಳದ ನೀರನ್ನು ಕಂಡವರಲ್ಲ.