ಪಾವಟಿಗಿ ಬಾವಿಯಿಂದ ಮಾಳಿಗಿ ನೀರಿನ ತನಕ

ಮಳಿನೀರು ಹಿಡದು ಕುಡಿಯೂದು ನಮ್ಮ ಹಿರ್ಯಾರ ಪದ್ಧತಿ, ನಾವು ಅದನ್ನ ಮರತು ಕೆಟ್ಟೇವಿ ಅಂತ ಈಗ ಎಲ್ಲಾರೂ ಹೇಳ್ತಾರ. ಭಾಷಣ ಮಾಡಾವರೂ ಹೇಳ್ತಾರ, ಟಾಕಿ ಮಾರಾವರೂ ಹೇಳ್ತಾರ. ನಮ್ಮ ಗದಗ ಸೀಮಿ ಮಟ್ಟಿಗೆ ಇದು ಅರ್ಧಾ ಖರೇ. ಕೆರಿಗೆ, ಹೊಂಡಕ್ಕ ಹರದು ಬಂದ ಮಳಿನೀರು ನಮ್ಮ ಮಂದಿ ನೂರಾರು ವರ್ಷ ಕುಡದಾರ. ಆದ್ರ ಮನಿ ಮಾಳಿಗಿ ಮ್ಯಾಲ ಬಿದ್ದ ನೀರಿನ ಮಾತು ಬ್ಯಾರೆ. ಅದನ್ನ ಎಸರಿಗೆ ಇಟ್ಟ ಅಜ್ಜಿನ್ನ ನಾನು ಕಂಡಿಲ್ಲ, ನೀವೂ ಕಂಡಿರಲಿಕ್ಕಿಲ್ಲ.

ಯಾಕಂದ್ರ ಆ ಮಾಳಿಗಿ ಮಣ್ಣಿಂದು. ಕಟ್ಟಿಗಿ ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಕಡ್ಡಿ-ಸೊಪ್ಪು, ಅದರ ಮ್ಯಾಲ ಗೇಣು ದಪ್ಪ ಮಣ್ಣು, ಎಲ್ಲಕ್ಕಿಂತ ಮ್ಯಾಲ ಸವಳು. ಸವಳು ಮಣ್ಣು ಹಸಿ ಆದಕೂಡ್ಲೆ ಉಬ್ಬಿ ತನ್ನ ಬಾಯಿ ತಾನಽ ಮುಚ್ಚಿಕೊಳ್ತದ, ನೀರು ಕೆಳಗ ಇಳಿಯಾಕ ಬಿಡೂದಿಲ್ಲ. ರೋಣಿ ಮಳಿಗಿಂತ ಮೊದಲ ಗಂಡಸರು ಚಕ್ಕಡಿಯೊಳಗ ಸವಳು ತಂದು ಅಂಗಳದಾಗ ಒಗದ್ರ, ಬುಟ್ಟಿಲೆ ಮ್ಯಾಲ ಏರಿಸಿ, ಹರವಿ, ತುಳಿಯೂದು ಹೆಣ್ಣಮಕ್ಕಳ ಪಾಲು. ಮಳಿ ಹತ್ತಿದ್ರ ದೋಣಿಯಿಂದ ಧಬಧಬ ಬೀಳೂ ನೀರಿಗೆ ಚಹಾದ ಬಣ್ಣ. ಕೆಳಗ ಹಂಡೆ ಇಟ್ಟು ಹಿಡದು, ರಾಡಿ ತಳಕ್ಕ ಕುಂತ ಮ್ಯಾಲ ಬಾಂಡೆ ತಿಕ್ಕಾಕ, ಅಂಗಳ ಸಾರಸಾಕ ಬಳಸೂದು. ನಾಲ್ಕು ಕೊಡ ಹೊರೂದು ತಪ್ಪಿತಲ್ಲ ಅಂತ ಅಷ್ಟಕ್ಕಽ ಖುಷಿ.

ಬಾಯಿಗೆ ಹೋಗೂ ಮಳಿನೀರು ಅಂದ್ರ ಮಗಿ ಮಳಿದು ಒಂದಽ. ಆಗಸ್ಟ್ ನಡುವ ಮಗಿ ಹುಟ್ಟಿದಾಗ ನಮ್ಮ ಅತ್ತಿಯವರು ಬಯಲಾಗ ತಾಮ್ರದ ಪಾತೇಲಿ ಇಟ್ಟು, ನೇರ ಆಕಾಶದಿಂದ ಬಿದ್ದದ್ದನ್ನ ಹಿಡದು ಬಾಟ್ಲಿಗೆ ತುಂಬತಾರ. ವರ್ಷ ಇಟ್ರೂ ಹುಳ ಬೀಳೂದಿಲ್ಲ, ಅದು ನಕ್ಷತ್ರದ ಮಹಿಮಾ ಅಂತ ಅವರು. ಎರಡು ತಿಂಗಳ ಮಳಿ ಬಿದ್ದು ಗಾಳ್ಯಾಗಿನ ಧೂಳಿ ತೊಳದು ಹೋಗಿರ್ತದಲ್ಲ, ಅದರ ಮಹಿಮಾ ಅಂತ ನಾನು. ಹೆಂಗರೆ ಇರಲಿ, ಮಾಳಿಗಿ ಮುಟ್ಟಲಾರದ ನೀರು ಅದು.

ಹಂಗಾದ್ರ ದಿನಾ ಕುಡಿಯೂ ನೀರು ಎಲ್ಲಿಂದು? ಕೆರಿ ಇದ್ದ ಊರಾಗ ಕೆರಿದು, ಉಳದಲ್ಲಿ ಬಾವಿದು. ನಮ್ಮ ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಅಂತ ಮಾತಽ ಅದ. ದಾನಚಿಂತಾಮಣಿ ಅತ್ತಿಮಬ್ಬಿ 1007ರಾಗ ಬಸದಿ ಕಟ್ಟಿಸಿದ ಊರು ಅದು. ಮಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ ನೀವೆಲ್ಲಾ ನೋಡೀರಿ, ಗ್ವಾಡಿಯೊಳಗ ಪುಟ್ಟ ಪುಟ್ಟ ಗುಡಿ, ಮೂರೂ ಕಡಿ ಪಾವಟಿಗಿ. ಫೋಟೋ ತಗಿಸಿಗೊಳ್ಳಾಕ ಭಾಳ ಚಂದ. ಆದ್ರ ಪಾವಟಿಗಿ ಬಾವಿ ಅಂದ್ರ ನೀರಿನ ತನಕ ಇಳದು, ಕಾಲು ನೀರಾಗ ಇಟ್ಟಽ ಕೊಡ ತುಂಬಬೇಕು. ಸಂಕಟ ಇದ್ದದ್ದು ಅಲ್ಲೇ.

ನಾರು ಹುಣ್ಣಿನ ಹೆಸರು ಈಗಿನ ಹುಡಿಗ್ಯಾರು ಕೇಳಿಲ್ಲ, ಅವರ ಪುಣ್ಯಾ. ನಿಂತ ನೀರಾಗ ಕಣ್ಣಿಗೆ ಕಂಡೂ ಕಾಣಲಾರದಂಥಾ ಒಂದು ಜೀವಿ ಇರ್ತದ, ಸೈಕ್ಲಾಪ್ಸ್ ಅಂತಾರ. ಅದರ ಹೊಟ್ಟ್ಯಾಗ ನಾರಿನ ಮರಿ. ಆ ನೀರು ಕುಡದ ಸುಮಾರು ಒಂದು ವರ್ಷಕ್ಕ ಕಾಲಾಗ ಬೊಬ್ಬಿ ಏಳತಿತ್ತು. ಅದು ಒಡದು ಶಾವಿಗಿ ಎಳಿಯಂಥಾ ಹುಳ ಇಣಕತಿತ್ತು, ಎರಡು-ಮೂರು ಫೂಟು ಉದ್ದಂದು. ಎಳದ್ರ ಹರೀತದ, ಹರದ್ರ ಕಾಲೆಲ್ಲಾ ಕೀವು. ಅದಕ್ಕ ಸಣ್ಣ ಕಡ್ಡಿಗೆ ಸುತ್ತಿ ದಿನಾ ಒಂದೊಂದು ಬೆರಳಿನಷ್ಟು ಎಳಕೋತ ವಾರಗಟ್ಲೆ ಕೂಡಬೇಕು. ನಮ್ಮ ಅಜ್ಜಿ ಮೀನಗಂಡದ ಕೆಳಗ ಆ ಕಲಿ ಇತ್ತು. ಬಿತ್ತಿಗಿ ಹೊತ್ತಿನ್ಯಾಗ ಹಾಸಿಗಿ ಹಿಡದದ್ದು ಅಂತ ಕಡೀತನಕ ಸಿಟ್ಟಿಲೆ ಹೇಳ್ತಿದ್ಲು. ಉರಿ ತಡೀಲಾರದ ಕಾಲು ನೀರಾಗ ಇಟ್ರ ಹುಳ ಅಲ್ಲೇ ಲಕ್ಷಗಟ್ಲೆ ಮರಿ ಬಿಡತಿತ್ತು. ಹುಣ್ಣಿನ ಕಾಲಿಲೆ ನೀರಿಗೆ ಇಳೀಬ್ಯಾಡ ಅಂತ ಹೇಳೂದು ಸಸಾರ. ಆಕಿ ಇಳೀದಿದ್ರ ಮನಿಗೆ ನೀರು ತರಾವರು ಯಾರು?

1980ರ ದಶಕದಾಗ ಸರಕಾರ ಈ ರೋಗದ ಬೆನ್ನ ಹತ್ತಿತು. ನಮ್ಮ ಕರ್ನಾಟಕನೂ ಪಟ್ಟಿಯೊಳಗಿತ್ತು. ಇದಕ್ಕ ಲಸಿಕಿ ಇಲ್ಲ, ಹುಳ ಕೊಲ್ಲೂ ಔಷಧಿನೂ ಇಲ್ಲ. ಕೊಡದ ಬಾಯಿಗೆ ಎರಡು ಮಡಿಕಿ ಅರಬಿ ಕಟ್ಟಿ ಸೋಸೂದು, ಪಾವಟಿಗಿ ಮುಚ್ಚಿ ರಾಟಿ ಹಾಕೂದು, ಇಲ್ಲಾ ಬಾವಿ ಬಿಟ್ಟು ಕೈಪಂಪು ಕೂಡಸೂದು, ಉಪಾಯ ಇಷ್ಟಽ. ದೇಶದಾಗ ಕಡೀ ರೋಗಿ ಸಿಕ್ಕದ್ದು 1996ರಾಗ. ಭಾರತದಾಗ ನಾರು ಹುಣ್ಣು ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಪತ್ರ ಕೊಟ್ಟದ್ದು 2000ರಾಗ. ಸಿಡುಬು, ಪೋಲಿಯೋ ಹೋದದ್ದು ಎಲ್ಲಾರೂ ನೆನಸ್ತಾರ. ಹಳೇ ಧೋತರದ ತುಂಡಿಲೆ ಹೋದ ಈ ರೋಗದ ನೆನಪು ಯಾರಿಗೂ ಇಲ್ಲ, ಪಠ್ಯಪುಸ್ತಕದಾಗ ಒಂದು ಸಾಲರೆ ಇರಬೇಕಿತ್ತು ಅನಸ್ತದ ನನಗ.

ಪಾವಟಿಗಿ ಬಾವಿ ಹಾಳು ಬಿದ್ದುವು, ಬೋರು ಬಂದುವು. ನೂರಾರು ಫೂಟು ಕೆಳಗಿನ ನೀರು. ಹುಳ ಇಲ್ಲ, ರಾಡಿ ಇಲ್ಲ, ಕನ್ನಡಿಯಂಗ ತಿಳಿ. ಯಾರಿಗೆ ಅನುಮಾನ ಬರಬೇಕು? ಆದ್ರ ಅದು ಕಲ್ಲಿನ ಸಂದಿಯೊಳಗ ವರ್ಷಗಟ್ಲೆ ಕುಂತು ಫ್ಲೋರೈಡ್ ಕರಗಿಸಿಕೊಂಡ ನೀರು. ಮುಂಡರಗಿ ಕಡಿ ಹಳ್ಳಿ ಹುಡುಗರ ಹಲ್ಲಿನ ಮ್ಯಾಲಿನ ಹಳದಿ-ಕಂದು ಪಟ್ಟಿ ನೋಡಿದಾವರಿಗೆ ನಾನು ಹೇಳಬೇಕಾಗಿಲ್ಲ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿದ್ರ ಕುಡಿಯಾಕ ಬರೂದಿಲ್ಲ ಅಂತ ನಿಯಮ ಅದ. ಮೊದಲ ಹಲ್ಲು, ಆಮ್ಯಾಲ ವರ್ಷ ಕಳದಂಗ ಮೊಣಕಾಲು, ಬೆನ್ನು ಬಿಗೀತಾವ. ಇದು ನಿನ್ನೆ ಮೊನ್ನೆ ಕಂಡದ್ದಲ್ಲ. ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಕಡಿ ಡಾಕ್ಟರು 1937ರಾಗಽ ಬರದಿಟ್ಟಾರ. ಅರಬಿಲೆ ಸೋಸಿದ್ರ ಫ್ಲೋರೈಡ್ ಹೋಗೂದಿಲ್ಲ. ಕಾಸಿದ್ರ ನೀರು ಆವಿ ಆಗಿ ಅದು ಇನ್ನಷ್ಟು ಗಟ್ಟಿ ಆಗ್ತದ. ನಮ್ಮ ಅಡಗಿ ಮನ್ಯಾಗಿದ್ದ ಎರಡೂ ಉಪಾಯ ಇಲ್ಲಿ ಸೋತುವು.

ಈ ಹೊತ್ತಿಗೆ ಮನಿಗೋಳು ಬದಲಾಗಿದ್ದುವು. ಜಂತಿ ಮಾಳಿಗಿ ಕೆಡವಿ ಸಿಮೆಂಟಿನ ಸ್ಲ್ಯಾಬ್ ಹಾಕಿದ್ರು. ಬ್ಯಾಸಿಗಿಯಾಗ ಕಾವಲಿಯಂಗ ಕಾಯೂ ಆ ಸ್ಲ್ಯಾಬಿಗೆ ನಾನೂ ಭಾಳ ಬೈದೀನಿ. ಆದ್ರ ಅದರಿಂದ ಒಂದು ಉಪಕಾರ ಆತು. ತೊಳದ್ರ ಸ್ವಚ್ಛ ಆಗೂ ಮಾಳಿಗಿ ನಮ್ಮ ಸೀಮಿಗೆ ಬಂದದ್ದು ಅದಽ ಮೊದಲ. ಹುಳನೂ ಇಲ್ಲದ, ಫ್ಲೋರೈಡೂ ಇಲ್ಲದ ನೀರು ತಲಿ ಮ್ಯಾಲ ಬೀಳತಿತ್ತು, ಅದನ್ನ ಹಿಡಿಯೂ ಜಾಗಾ ಈಗ ತಯಾರಾತು. ಅದಕ್ಕಽ ಮಾಳಿಗಿ ನೀರು ಕುಡಿಯೂದು ಅಜ್ಜಿ ಕಾಲದ್ದಲ್ಲ, ನಮ್ಮ ಕಾಲದ್ದು ಅಂತ ನನ್ನ ವಾದ. ಬೆಂಗಳೂರಾಗ ಎ. ಆರ್. ಶಿವಕುಮಾರ್ ಅನ್ನೂ ವಿಜ್ಞಾನಿ 1990ರ ದಶಕದಾಗ ಮನಿ ಕಟ್ಟಿ, ಕಾವೇರಿ ನಳ ತಗೊಳ್ಳಲಾರದ ಮಳಿನೀರಿನ ಮ್ಯಾಲಽ ಸಂಸಾರ ನಡಸಿ ತೋರ್ಸಿದ್ರು. 2009ರಾಗ ಅಲ್ಲಿ ಜಲಮಂಡಳಿ ಕಾಯ್ದೆ ತಿದ್ದಿ ಮಳಿನೀರು ಕೊಯ್ಲು ಕಡ್ಡಾಯ ಮಾಡಿದ್ರು. ಬೆಂಗಳೂರಿನವರ ಚಿಂತಿ ನೀರು ಸಾಲೂದಿಲ್ಲ ಅನ್ನೂದು. ನಮ್ಮ ಚಿಂತಿ ಎಂಥಾ ನೀರು ಅನ್ನೂದು.

ಈಗ ನಮ್ಮ ಮನಿ ಲೆಕ್ಕ ಕೇಳ್ರಿ. ಒಂದು ಚದರ ಮೀಟರ್ ಸ್ಲ್ಯಾಬ್ ಮ್ಯಾಲ ಒಂದು ಮಿಲಿಮೀಟರ್ ಮಳಿ ಬಿದ್ರ ಒಂದು ಲೀಟರ್. ನಮ್ಮದು ಸಾವಿರ ಚದರ ಫೂಟು, ಅಂದ್ರ 93 ಚದರ ಮೀಟರ್. ವರ್ಷಕ್ಕ 600 ಮಿಲಿಮೀಟರ್ ಹಿಡದ್ರ 55,800 ಲೀಟರ್, ಹಾಳು-ಪೋಲು ಕಳದು 44,000 ಅನ್ರಿ. 15 ಲೀಟರಿನ ಕೊಡದ ಲೆಕ್ಕದಾಗ ಮೂರು ಸಾವಿರದ ಹತ್ರ ಬರತಾವ. ಐದು ಮಂದಿಗೆ ಕುಡಿಯಾಕ, ಅಡಗಿಗೆ ದಿನಾ 50 ಲೀಟರ್ ಸಾಕು. ನವೆಂಬರಿನಿಂದ ಮೇ ತನಕ ಇನ್ನೂರು ದಿನಕ್ಕ 10,000 ಲೀಟರ್. ಅಷ್ಟಽ ಟಾಕಿ ಕಟ್ಟಿಸಿದ್ವಿ, ಹಿತ್ತಲದಾಗ, ನೆಲದ ಮ್ಯಾಲ. ನೆಲದಾಗ ಹುಗದ್ರ ಜಾಗಾ ಉಳೀತದ, ಆದ್ರ ಗಟಾರ ನೀರು ಜಿನಗಿ ಕೂಡಿದ್ರ ಗೊತ್ತಾಗೂದಿಲ್ಲ. ಗೌಂಡಿ ಸ್ಲ್ಯಾಬಿನ ಇಳಿಜಾರು ಬೀದಿ ಕಡಿ ಇರಲಿ, ವಾಸ್ತುಕ್ಕ ಛಲೋ ಅಂದ. ಹಿತ್ತಲ ಕಡಿ ಇಡಪಾ, ವಾಸ್ತು ನಾ ನೋಡ್ಕೋತೀನಿ ಅಂದೆ.

ಸ್ಲ್ಯಾಬಿನಿಂದ ನಾಲ್ಕು ಇಂಚಿನ ಪೈಪು ಇಳದು ಬರತದ. ಅದಕ್ಕ ಒಂದು ಕವಲು, ಕವಲಿನ ತುದಿಗೆ ಬಿರಡಿ. ರೋಣಿ ಮಳಿ ಪೂರ್ತಿ ಆ ಕವಲಿನಿಂದ ಗಿಡಕ್ಕ ಹೋಗ್ತದ, ಸ್ಲ್ಯಾಬ್ ತೊಳದಂಗ ಆತು. ಮುಂದೂ ಮಳಿ ಎಂಟು-ಹತ್ತು ದಿನ ಬಿಡುವು ಕೊಟ್ಟು ಬಂದ್ರ ಮೊದಲಿನ ಹತ್ತು-ಹದಿನೈದು ನಿಮಿಷದ ನೀರು ಹೊರಗಽ. ಆಮ್ಯಾಲ ಬಿರಡಿ ಬಿಗದು ಇನ್ನೂರು ಲೀಟರಿನ ಡ್ರಮ್ಮಿಗೆ ಬಿಡೂದು. ಡ್ರಮ್ಮಿನ ತಳಕ್ಕ ಜಲ್ಲಿ, ಅದರ ಮ್ಯಾಲ ಇದ್ದಲಿ, ಅದರ ಮ್ಯಾಲ ತೊಳದ ಮರಳು, ನಡುನಡುವ ನೈಲಾನ್ ಜಾಳಗಿ. ಟಾಕಿಗೆ ಹೋಗೂ ಬಾಯಿಗೆ ಎರಡು ಮಡಿಕಿ ಧೋತರದ ಅರಬಿ ಕಟ್ಟೀನಿ. ಮರಳಿದ್ದಮ್ಯಾಲ ಅದ್ಯಾಕ ಅಂತ ಮಗ ನಗ್ತಾನ, ನಗಲಿ. ಟಾಕಿಯೊಳಗ ಬೆಳಕು ಬಿದ್ರ ಪಾಚಿ, ಸಂದಿ ಇದ್ರ ಸೊಳ್ಳಿ, ಅದಕ್ಕ ಮುಚ್ಚಳ ಗಟ್ಟಿ ಇರಬೇಕು. ಕುಡಿಯೂ ನೀರು ಈಗೂ ಕಾಸೇ ಕುಡೀತೀವಿ, ಹಕ್ಕಿ ಹಿಕ್ಕಿ ಹಾಕೂದು ಬಿಡೂದಿಲ್ಲಲ್ಲ. ಈ ನೀರಿಗೆ ಕಾಸೂದು ಉಪಯೋಗಕ್ಕ ಬರತದ.

ಬ್ಯಾಳಿ ವಿಷಯ ನೀವೆಲ್ಲಾ ಕೇಳಽ ಕೇಳ್ತೀರಿ. ಬೋರಿನ ನೀರಾಗಿನ ಸುಣ್ಣದ ಅಂಶ ಬ್ಯಾಳಿ ಸಿಪ್ಪಿ-ತಿರುಳಿನ ಅಂಟಿಗೆ ಕೂಡಿ ಅದನ್ನ ಬಿಗಿ ಮಾಡ್ತದ, ಅದಕ್ಕಽ ನಾವು ಸೋಡಾ ಹಾಕತಿದ್ದದ್ದು. ಮಳಿನೀರಾಗ ಸೋಡಾ ಬ್ಯಾಡ, ತೊಗರಿ ಬ್ಯಾಳಿ ಬೆಣ್ಣಿಯಂಗ ಆಗ್ತದ. ಗ್ಯಾಸೂ ಉಳೀತದ. ಅತ್ತಿಯವರಿಗೆ ಮಾತ್ರ ಈ ನೀರು ಸಪ್ಪಗ, ಬೋರಿನ ಉಪ್ಪು ರುಚಿ ಹಿಡದ ನಾಲಿಗಿ ಅದು. ಮಗಿ ಬಾಟ್ಲಿ ನೀರು ಸಪ್ಪಗ ಇರೂದಿಲ್ಲೇನು ಅಂತ ಕೇಳಿದ್ರ, ಅದು ಬ್ಯಾರೆ ಅಂತಾರ.

ಡ್ರಮ್ಮಿನ ಮರಳು, ಇದ್ದಲಿ ತಗದು ತೊಳಿಯೂದು, ಟಾಕಿ ಒಳಗ ಇಳದು ತಿಕ್ಕೂದು ಮೇ ಕಡೀ ವಾರದಾಗ, ರೋಣಿ ಜೋರು ಆಗೂದ್ರೊಳಗ. ಕಟ್ಟಿಸಬೇಕು ಅನ್ನಾವರು ಆ ದಿನ ಬರ್ರಿ, ಎಲ್ಲಾ ಬಿಚ್ಚಿ ಹರವಿರ್ತೀವಿ, ಒಳಗ ಏನೇನದ ಕಣ್ಣಾರೆ ಕಾಣ್ತದ. ಬರುವಾಗ ಹಳೇ ಸೀರಿ ಉಟಗೊಂಡು ಬರ್ರಿ.